ಹಲ್ಲಕ್ಕನ ಅಂಗೈ

ಹಲ್ಲಕ್ಕ ಅಂತ ಹೆಸರಿಟ್ಟವರು ರೋಗಿಗಳೇ. ಹಲ್ಲಿನ ಡಾಕ್ಟರ ಬಳಿ ಅವಳದು ಹದಿಮೂರು ವರ್ಷದ ಕೆಲಸ. ಚೀಟಿ ಬರೆಯುವುದು, ಇಕ್ಕಳ ಕುದಿಸುವುದು, ಹೆದರಿದವರ ಕೈ ಹಿಡಿದುಕೊಳ್ಳುವುದು, ಹುಳುಕು ಹಲ್ಲಿಗೆ ತುಂಬುವ ಬೆಳ್ಳಿ ಸಿಮೆಂಟು ಕಲಸಿಕೊಡುವುದು. ಈಗ ಅದು ಮುಚ್ಚಿದ ಪುಟ್ಟ ಡಬ್ಬಿಯಲ್ಲಿ ಬರುತ್ತದೆ, ಯಂತ್ರಕ್ಕೆ ಸಿಕ್ಕಿಸಿದರೆ ಗರಗರ ಅಲುಗಾಡಿಸಿ ಕೊಡುತ್ತದೆ. ಮೊದಮೊದಲು ಹಾಗಿರಲಿಲ್ಲ. ಬೆಳ್ಳಿಪುಡಿಗೆ ಪಾದರಸ ಹಾಕಿ ಅರೆದು, ಬಟ್ಟೆಯ ತುಂಡಿನಲ್ಲಿಟ್ಟು ಹಿಂಡಬೇಕಿತ್ತು. ಹೆಚ್ಚಾದ ಪಾದರಸ ಮಣಿಮಣಿಯಾಗಿ ಉದುರುತ್ತಿತ್ತು. ಎಲ್ಲವೂ ಬರಿಗೈಯಲ್ಲಿ. ಬಸುರಿಯಾಗಿ ಎಂಟು ತಿಂಗಳು ತುಂಬುವವರೆಗೂ ಅವಳು ಹಿಂಡಿದ್ದಳು.

ಆಗ ಹೊಟ್ಟೆಯಲ್ಲಿದ್ದವಳಿಗೆ ಈಗ ಎಂಟು ವರ್ಷ. ಮೂರು ತುಂಬಿದರೂ ಮಾತು ಬಾರದಿದ್ದಾಗ ಮಕ್ಕಳ ಡಾಕ್ಟರು ಆಟಿಸಂ ಅಂದಿದ್ದರು. ಆಮೇಲಿನ ಐದು ವರ್ಷದಲ್ಲಿ ಮನೆ ಅವಳಿಗೆ ಹೊಂದಿಕೊಂಡಿತ್ತು. ನೀಲಿ ತಟ್ಟೆಯಲ್ಲಲ್ಲದೆ ಉಣ್ಣಳು. ಏನು ಬೇಕಾದರೂ ಅಮ್ಮನ ಮಣಿಕಟ್ಟು ಹಿಡಿದು ಎಳೆದೊಯ್ಯುವಳು.

ಒಂದು ದಿನ, ಸರದಿಗೆ ಕಾಯುತ್ತಿದ್ದ ತಾಯೊಬ್ಬಳು ಫೋನು ಮುಂದೆ ಹಿಡಿದಳು. "ಅಕ್ಕಾ, ನನ್ನ ಮಗನಿಗೆ ಬೆಳ್ಳಿ ಸಿಮೆಂಟು ಬೇಡ. ಅದರಲ್ಲಿ ಪಾದರಸ ಇದೆಯಂತೆ, ಅದರಿಂದಲೇ ಆಟಿಸಂ ಬರೋದಂತೆ. ಬಸುರೀಲಿ ಅಮ್ಮನ ಬಾಯಲ್ಲಿದ್ರೂ ಸಾಕಂತೆ."

ಹಾಗೇನಿಲ್ಲಮ್ಮ ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಎಷ್ಟು ಜನಕ್ಕೆ ಹೇಳಿರಲಿಲ್ಲ! ಅವತ್ತು ಹೊರಬರಲಿಲ್ಲ. ಬಾಯಲ್ಲಿದ್ದರೇ ಸಾಕಾದರೆ, ಅಂಗೈ ತುಂಬ ಹಿಂಡಿದವಳ ಗತಿ?

ಅಂದಿನಿಂದ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಬಸ್ಸಿನಲ್ಲಿ ಫೋನು ನೋಡುತ್ತ ಎರಡು ಸಲ ತನ್ನ ನಿಲ್ದಾಣ ದಾಟಿ ಹೋದಳು. ಮನೆಗೆ ಬಂದವಳೇ ಮೊಣಕೈವರೆಗೂ ಸೋಪು ಹಚ್ಚಿ ಉಜ್ಜುವಳು, ಒರೆಸಿಕೊಂಡು ಮತ್ತೆ ಉಜ್ಜುವಳು. ಮಗಳು ಮಣಿಕಟ್ಟು ಹಿಡಿಯಲು ಬಂದರೆ ತಟ್ಟನೆ ಕೈ ಹಿಂದಕ್ಕೆ. ಅದೇ ವಾರ ಮಗಳು ಊಟದ ತಟ್ಟೆ ತಳ್ಳತೊಡಗಿದಳು, ಬಲಗೆನ್ನೆಗೆ ತಾನೇ ಪಟಪಟ ಬಡಿದುಕೊಳ್ಳತೊಡಗಿದಳು. ವಿಷ ಮೇಲೇರುತ್ತಿದೆ ಅಂದುಕೊಂಡ ತಾಯಿ, ಪಾದರಸ ಇಳಿಸುತ್ತದೆಂದು ಯಾರೋ ಫೋನಿನಲ್ಲಿ ಮಾರುತ್ತಿದ್ದ ಪುಡಿ ತರಿಸಿಯೇಬಿಟ್ಟಳು.

ಪೊಟ್ಟಣ ಕೈಗೆ ಬಂದಾಗ ಮಗಳಿಗೆ ಕೊಡಲು ಧೈರ್ಯ ಸಾಲಲಿಲ್ಲ. ಡಾಕ್ಟರ ಮೇಜಿನ ಮೇಲಿಟ್ಟಳು. ಡಾಕ್ಟರು ಕನ್ನಡಕ ಏರಿಸಿಕೊಂಡು ಓದಿದರು.

"ಮಗುವಿಗೆ ಕೊಟ್ಟೆಯೇನಮ್ಮಾ?"

"ಇನ್ನೂ ಇಲ್ಲ ಸಾರ್."

"ಕೊಡಬೇಡ. ಇಂಥವು ಮಕ್ಕಳ ಜೀವಕ್ಕೇ ಎರವಾಗಿದ್ದಿದೆ."

"ಹಾಗಾದ್ರೆ ಹೇಳಿ ಸಾರ್, ನಾನು ಹಿಂಡಿದ್ದರಿಂದ್ಲೇ ಅವಳು ಹೀಗಾದ್ಲಾ?"

ಮುದುಕ ಡಾಕ್ಟರು ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದರು. "ಹಲ್ಲಿನ ಸಿಮೆಂಟಿಂದ ಆಟಿಸಂ ಬರತ್ತೆ ಅನ್ನೋದಕ್ಕೆ ಹುಡುಕಿದೋರಿಗೆ ಯಾರಿಗೂ ಆಧಾರ ಸಿಕ್ಕಿಲ್ಲ. ಆದ್ರೆ ಬಸುರಿ ಅಂತ ಗೊತ್ತಿದ್ದೂ ನಿನ್ನ ಕೈಲಿ ಬರಿಗೈಲಿ ಹಿಂಡಿಸಿದ್ನಲ್ಲ, ಅದು ತಪ್ಪು. ನನ್ನ ತಪ್ಪು. ಎರಡೂ ನಿಜ ಕಣಮ್ಮಾ."

ಅವಳು ಕೇಳಲು ಬಂದಿದ್ದು ಒಂದೇ ಉತ್ತರ. ಸಿಕ್ಕಿದ್ದು ಎರಡು. ಬಸ್ಸು ಬರುವವರೆಗೂ ನಿಲ್ದಾಣದ ಈ ಕಂಬದಿಂದ ಆ ಕಂಬಕ್ಕೆ ನಡೆಯುತ್ತಲೇ ಇದ್ದಳು.

ಮನೆಯಲ್ಲಿ ಮಗಳು ಮತ್ತೆ ಕೆನ್ನೆ ಬಡಿದುಕೊಳ್ಳುತ್ತಿದ್ದಳು. ಅತ್ತೆ ಬಟ್ಟೆ ಮಡಿಸುತ್ತಿದ್ದವರು ತಲೆ ಎತ್ತಿದರು. "ಅಲ್ವೇ, ಊರವರ ಬಾಯೆಲ್ಲಾ ನೋಡ್ತೀಯ, ಮನೇದು ನೋಡಿದ್ಯಾ?"

ಹಲ್ಲಕ್ಕ ಟಾರ್ಚು ತಂದು ಕೂತಳು. ಮಗಳನ್ನು ತೊಡೆಯ ಮೇಲೆ ಮಲಗಿಸಿ ಕಚಗುಳಿ ಇಟ್ಟಳು. ಅವಳು ನಗಲು ಬಾಯಿ ತೆರೆದಾಗ ಟಾರ್ಚು ಬಿಟ್ಟಳು. ಬಲಗಡೆ ಕೆಳಗಿನ ದವಡೆಹಲ್ಲಿನಲ್ಲಿ ಕಾಳು ಹಿಡಿಸುವಷ್ಟು ಕಪ್ಪು ಹಳ್ಳ. ದೀಪದ ಬುಡದಲ್ಲೇ ಕತ್ತಲೆ. ಅಳು, ನಾಚಿಕೆ, ಸಿಟ್ಟು ಒಟ್ಟಿಗೇ ನುಗ್ಗಿದವು. ಹಲ್ಲುನೋವು ಅಂತ ಹೇಳಲು ಬಾರದ ಮಗು ಎಷ್ಟು ದಿನದಿಂದ ಹೇಳುತ್ತಿತ್ತು!

ಡಾಕ್ಟರು ಮೂರು ಮಧ್ಯಾಹ್ನ ಬೇರೆ ರೋಗಿಗಳನ್ನು ತೆಗೆದುಕೊಳ್ಳಲಿಲ್ಲ. ಮೊದಲ ದಿನ ಕುರ್ಚಿ ಏರಿಸಿ ಇಳಿಸಿದ್ದಷ್ಟೇ. ಎರಡನೆಯ ದಿನ ಮಗಳು ಪುಟ್ಟ ಕನ್ನಡಿಯನ್ನು ಡಾಕ್ಟರ ಬಾಯಿಗೇ ಇಟ್ಟು ನೋಡಿದಳು. ಮೂರನೆಯ ದಿನ ಚೀರಿದಳು, ಒದ್ದಳು, ಡಾಕ್ಟರ ಕನ್ನಡಕ ಹಾರಿಸಿದಳು. ಆದರೂ ಕೆಲಸ ಮುಗಿಯಿತು. ಪಾದರಸವಿಲ್ಲದ ಬಿಳಿ ಸಿಮೆಂಟು. ಕೊಟ್ಟವಳು ಹಲ್ಲಕ್ಕನೇ.

ಕರೆದೊಯ್ಯಲು ಗಂಡ ಬಂದಿದ್ದ. ಅವನು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವನು. ದಾರಿಯಲ್ಲಿ ಅವಳು ಅಂಗೈಯ ಕತೆ, ಪುಡಿಯ ಕತೆ ಎಲ್ಲ ಹೇಳಿಬಿಟ್ಟಳು. ಅವನು ನಡೆಯುವುದನ್ನು ನಿಲ್ಲಿಸಿದ.

"ನಾನು ಬಣ್ಣ ಅಂದ್ಕೊಂಡಿದ್ದೆ."

"ಏನು?"

"ಬಣ್ಣದ ಬಟ್ಟೇಲೇ ಮನೆಗೆ ಬಂದು ನಿನ್ನ ಪಕ್ಕ ಕೂರ್ತಿದ್ನಲ್ಲ, ನೀನು ಬಸುರಿ ಇದ್ದಾಗ. ಅದರ ವಾಸನೆಯಿಂದ ಅವಳು ಹೀಗಾದ್ಲು ಅಂತ. ಐದು ವರ್ಷದಿಂದ."

"ನನಗ್ಯಾಕೆ ಹೇಳಲಿಲ್ಲ?"

"ನೀನು ಹೇಳಿದ್ಯಾ?"

ಅವಳಿಗೆ ನಗು ಬಂತು, ನಗುವುದೋ ಬಿಡುವುದೋ ತಿಳಿಯಲಿಲ್ಲ. ಮಗಳು ಇಬ್ಬರ ಮಣಿಕಟ್ಟನ್ನೂ ಹಿಡಿದು ಬಿರಬಿರನೆ ಎಳೆಯತೊಡಗಿದಳು. ಎಷ್ಟೋ ದಿನದಿಂದ ಸರಿಯಾಗಿ ಉಂಡಿರಲಿಲ್ಲ, ಹಸಿವಾಗಿತ್ತು.