ಕಾಗೆಬಲೆಯೂ ಕೆಂಪು ಗುಂಡಿಯೂ

ಬೆಳಕು ಹರಿಯುವ ಮುಂಚೆ ಕಿನುಯೊ ಮುಗಿಸಬೇಕಾದ ಕೆಲಸಗಳು ಇವು. ರಾತ್ರಿ ನೆನೆಸಿಟ್ಟ ಅಕ್ಕಿಯ ಕುಕ್ಕರಿನ ಗುಂಡಿ ಒತ್ತುವುದು. ಅತ್ತೆಯ ಸೊಂಟದಿಂದ ನೋವಿನ ಹಳೆ ಪಟ್ಟಿ ಕಿತ್ತು ಹೊಸದು ಅಂಟಿಸುವುದು. ಕೀಳುವಾಗ ಬೈಸಿಕೊಳ್ಳುವುದೂ ಅದರಲ್ಲೇ ಸೇರಿತು. ಮಿಸೊ ಸಾರಿಗೆ ಒಣಮೀನು ನೆನೆಹಾಕುವುದು. ಸುಡುವ ಕಸ, ಪ್ಲಾಸ್ಟಿಕ್ಕು, ತೊಳೆದ ಬಾಟಲಿ ಎಲ್ಲ ಬೇರೆ ಬೇರೆ ಮಾಡಿ ಬೀದಿ ಮೂಲೆಗೆ ಒಯ್ಯುವುದು. ಕಾಗೆ ಕೆದಕದಂತೆ ಅದರ ಮೇಲೆ ಬಲೆ ಹೊದಿಸುವುದು. ಬಲೆಯ ಸರದಿ ಬೀದಿಯ ಎಂಟೂ ಮನೆಗಳಿಗೆ ವಾರಕ್ಕೊಬ್ಬರಂತೆ ಬರಬೇಕು. ಉಳಿದ ಏಳು ಮನೆಯವರಿಗೆ ಬೆಳಿಗ್ಗೆ ಏಳಲು ಆಗದಿದ್ದುದರಿಂದ ಅದು ಕಿನುಯೊಳ ಹತ್ತಿರವೇ ತಿರುಗುತ್ತಿತ್ತು. ಕೊನೆಯದು, ಗಂಡನ ಕಾರಿನ ಬ್ಯಾಟರಿಗೆ ವ್ಯಾಯಾಮ ಮಾಡಿಸುವುದು.

ಕಾರ್ ರೇಸಿಗೆ ಹೆಸರಾದ ಸುಜುಕಾದಲ್ಲಿ ಹುಟ್ಟಿದ ಗಂಡಸಿಗೆಲ್ಲ ತಾನೊಬ್ಬ ರೇಸುಗಾರ ಆಗಬೇಕಿತ್ತು, ಏನೋ ತಪ್ಪಿಹೋಯಿತು ಎಂಬ ಭಾವನೆ ಇದ್ದೇ ಇರುತ್ತದೆ. ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಬೋಲ್ಟಿನ ಅಳತೆ ನೋಡಿ ನಿವೃತ್ತನಾದ ತದಾಹಿರೊ ನಿಶಿಗಾಕಿ, ಮರುವಾರವೇ ಹಳದಿ ಬಣ್ಣದ ಪುಟ್ಟ ಸ್ಪೋರ್ಟ್ಸ್ ಕಾರು ತಂದ. ಎರಡೇ ಬಾಗಿಲು. ಪೆಟ್ರೋಲ್ ಎಂಜಿನ್ನಿನ ಜೊತೆಗೊಂದು ಕರೆಂಟಿನ ಮೋಟಾರು. ಹಿಂದಿನ ಸೀಟಿನಲ್ಲಿ ಒಂದು ಎಲೆಕೋಸು ಮತ್ತು ಒಂದು ಪೊಟ್ಟಣ ತೋಫು ಕೂರಬಹುದಿತ್ತು. ಅದು ಹತ್ತಿ ಕೂರುವ ಕಾರಲ್ಲ, ಇಳಿದು ಕೂರುವ ಕಾರು. ಮೂರನೇ ತಿಂಗಳು ತದಾಹಿರೊ ಅದರಲ್ಲಿ ಇಳಿದು ಕೂತವನು ಮೇಲೇಳಲಾಗದೆ, ಪಕ್ಕದ ಮನೆಯ ಇಬ್ಬರು ಬಂದು ಎಳೆಯಬೇಕಾಯಿತು. ಬೆನ್ನು ಹಿಡಿದುಕೊಂಡಿತ್ತು.

ಆದರೆ ಇಂಥ ಕಾರನ್ನು ನಿಲ್ಲಿಸಿಯೇ ಇಟ್ಟರೆ ಬ್ಯಾಟರಿ ಸಾಯುತ್ತದೆ. ತದಾಹಿರೊ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಹೆಂಡತಿಯ ಕೆಲಸದ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿದ.

"ದಿನಾ ಅರ್ಧ ಗಂಟೆ ಸುಮ್ನೆ ಓಡಿಸ್ಕೊಂಡು ಬಾ. ಆದ್ರೆ ಆ ಕೆಂಪು ಗುಂಡಿ ಮುಟ್ಬೇಡ."

"ಏನ್ರೀ ಅದು?"

"ಅದನ್ನ ಒತ್ತಿದ್ರೆ ಎಂಜಿನ್ನು, ಮೋಟಾರು ಎರಡೂ ಒಟ್ಟಿಗೆ ನುಗ್ತವೆ. ನಿನ್ನಂಥೋರಿಗಲ್ಲ."

ಹೀಗೆ ಎರಡು ವರ್ಷ. ಊರಾಚೆಯ ಟೀ ತೋಟಗಳ ನಡುವೆ, ಚಿಗುರಿನ ಮೇಲೆ ಹಿಮ ಕೂರದಂತೆ ಕಂಬದ ಮೇಲೆ ನಿಲ್ಲಿಸಿದ ಫ್ಯಾನುಗಳ ಕೆಳಗೆ, ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಯಾರೂ "ಕಿನುಯೊ" ಎಂದು ಕೂಗುತ್ತಿರಲಿಲ್ಲ. ಅದು ತನಗೆ ಇಷ್ಟ ಎಂಬುದನ್ನು ಅವಳು ಯಾರಿಗೂ ಹೇಳಲಿಲ್ಲ. ಇಷ್ಟ ಎಂದು ಗೊತ್ತಾದರೆ ಅದು ಕೆಲಸದ ಲೆಕ್ಕದಿಂದ ಹೋಗುತ್ತದೆ, ಆ ಜಾಗಕ್ಕೆ ಇನ್ನೊಂದು ಕೆಲಸ ಬರುತ್ತದೆ. ಮನೆಗೆ ಮರಳಿದಾಗ ಮರೆಯದೆ ಒಂದು ನಿಟ್ಟುಸಿರು ಬಿಡುತ್ತಿದ್ದಳು.

ಸ್ಟಿಯರಿಂಗಿನ ಹಿಂದೆ ಒಂದು ಪುಟ್ಟ ಪರದೆ ಇತ್ತು, ಅದರಲ್ಲಿ ಐದು ಗಿಡಗಳ ಚಿತ್ರ. ಹದವಾಗಿ ಓಡಿಸಿದರೆ ಎಲೆ ಚಿಗುರುತ್ತಿತ್ತು, ಒರಟಾಗಿ ಓಡಿಸಿದರೆ ಉದುರುತ್ತಿತ್ತು. ಮೊದಲ ಎಲೆ ಚಿಗುರಿದ ದಿನ ಕಿನುಯೊ ಗಾಡಿ ನಿಲ್ಲಿಸಿ ಪರದೆಗೆ ತಲೆಬಾಗಿ ನಮಸ್ಕರಿಸಿದಳು. ಮದುವೆಯಾಗಿ ಮೂವತ್ತೈದು ವರ್ಷಗಳಲ್ಲಿ ಯಾರಾದರೂ ಅವಳ ಕೆಲಸ ಚೆನ್ನಾಗಿದೆ ಎಂದದ್ದು ಅದೇ ಮೊದಲು. ಒಂದು ವರ್ಷ ತುಂಬುವಷ್ಟರಲ್ಲಿ ಐದೂ ಗಿಡ ಮರವಾದವು.

ತಿಂಗಳಿಗೊಮ್ಮೆ ತದಾಹಿರೊ ಸೊಂಟಕ್ಕೆ ಬೆಲ್ಟು ಬಿಗಿದು, ಹೆಂಡತಿಯನ್ನೂ ಕೂರಿಸಿಕೊಂಡು, ಆ ಕಾರಿನವರ ಸಂಘದ ಸಭೆಗೆ ಹೋಗುತ್ತಿದ್ದ. ಬೆಟ್ಟದ ಬುಡದ ಪಾರ್ಕಿಂಗ್ ಜಾಗದಲ್ಲಿ ಹತ್ತು ಹನ್ನೆರಡು ಗಂಡಸರು ಒಬ್ಬರ ಕಾರಿಗೆ ಇನ್ನೊಬ್ಬರು ತಲೆ ತೂರಿಸಿ ಪರದೆ ನೋಡುತ್ತಿದ್ದರು.

"ಐದೂ ಮರ! ಏನಪ್ಪಾ ಗುಟ್ಟು, ನಿಶಿಗಾಕಿ?" ಕಾರ್ಯದರ್ಶಿ ಒಕಿಮುರಾ ಕೇಳಿದ.

"ಗುಟ್ಟೇನಿಲ್ಲ. ಪಾದದಲ್ಲೊಂದು ಹದ ಇರ್ಬೇಕು. ಹುಟ್ಟಿನಿಂದ ಬರ್ಬೇಕು."

ಕಿನುಯೊ ಎಲ್ಲರಿಗೂ ಅನ್ನದ ಉಂಡೆ ಹಂಚುತ್ತಿದ್ದಳು. ಗಂಡನಿಗೆ ಕೊಟ್ಟ ಉಂಡೆಯೊಳಗೆ ಹುಳಿ ಪ್ಲಮ್ ಹಣ್ಣಿನ ಉಪ್ಪಿನಕಾಯಿ ಎರಡಿತ್ತು, ಬೀಜ ಸಮೇತ.

ಆ ವಾರ ನಾದಿನಿಯ ಫೋನು ಬಂತು. ಅಮ್ಮನನ್ನು ಆರೈಕೆ ಕೇಂದ್ರಕ್ಕೆ ಕರೆದೊಯ್ಯಲು ಜಾರುಬಾಗಿಲಿನ ದೊಡ್ಡ ವ್ಯಾನು ತಗೊಳ್ಳಿ, ಆ ಆಟದ ಸಾಮಾನು ಮಾರಿಬಿಡಿ ಎಂದಳು.

"ಅದೂ ಸರಿ," ಎಂದ ತದಾಹಿರೊ ಫೋನಿಗೆ. "ಹೇಗೂ ಅದನ್ನ ಯಾರು ಓಡಿಸ್ತಾರೆ?"

ಪಾತ್ರೆ ತೊಳೆಯುತ್ತಿದ್ದ ಕಿನುಯೊಳ ಕೈಯಿಂದ ಬಟ್ಟಲು ಜಾರಿತು. ಫೋನಿಟ್ಟವನು ಕಿಟಕಿಯಿಂದ ತನ್ನ ಹಳದಿ ಕಾರನ್ನು ಇಣುಕಿ ನೋಡಿದ. ಆಮೇಲೆ ಹೇಳಿದ: "ಭಾನುವಾರ ಸಂಘದ ಪಂದ್ಯ ಇದೆ. ನಲವತ್ತು ಕಿಲೋಮೀಟರಿಗೆ ಯಾರು ಕಮ್ಮಿ ಪೆಟ್ರೋಲ್ ಸುಡ್ತಾರೋ ಅವರಿಗೆ ಬಹುಮಾನದ ಕಪ್ಪು. ಗೆದ್ರೆ ಇಟ್ಕೊಳ್ಳೋಣ. ಸೋತ್ರೆ ಮಾರೋದೇ."

"ಪಕ್ಕದಲ್ಲಿ ಯಾರಾದ್ರೂ ಕೂರ್ಬಹುದಾ?"

"ಕೂರ್ಬಹುದು. ಯಾಕೆ?"

"ಚಹಾ ಫ್ಲಾಸ್ಕ್ ಹಿಡ್ಕೊಳ್ಳೋಕೆ."

ಭಾನುವಾರ ಮೊದಲ ತಿರುವು ದಾಟುವ ಮುಂಚೆಯೇ ಒಂದು ಎಲೆ ಉದುರಿತು.

"ರೀ, ಸಾರು ಉಕ್ತಿದೆ."

"ಯಾವ ಸಾರು? ಏನ್ ಹೇಳ್ತಿದೀಯಾ?"

"ಕಾಲಡಿ ಇರೋದು ಒಲೆ ಅಂದ್ಕೊಳ್ಳಿ. ಉರಿ ಸಣ್ಣ ಮಾಡಿ. ಇನ್ನೂ ಸಣ್ಣ. ಹಾಂ. ಈಗ ಕಾಲು ತೆಗೀರಿ, ಮುಂದೆ ಸಿಗ್ನಲ್ ಕೆಂಪಾಗುತ್ತೆ."

"ಹಸಿರಿದೆಯಲ್ಲೇ!"

"ರಸ್ತೆ ದಾಟೋರ ದೀಪ ಮಿಟುಕ್ತಿದೆ ನೋಡಿ. ನಿಮ್ಮಮ್ಮ ಕೂಗೋ ಮುಂಚೆ ಒಂದ್ಸಲ ಕೆಮ್ತಾರಲ್ಲ, ಹಂಗೆ."

ಸಿಗ್ನಲ್ ಕೆಂಪಾಯಿತು. ಕಾರು ತಾನೇ ನಿಧಾನವಾಯಿತು. ಆ ನಿಧಾನದಿಂದಲೇ ಬ್ಯಾಟರಿ ತುಂಬಿಕೊಂಡಿತು. ತದಾಹಿರೊ ಹೆಂಡತಿಯ ಕಡೆ ನೋಡಿದ.

"ನನ್ನ ನೋಡ್ಬೇಡಿ, ಆ ಮೊಪೆಡ್ ಅಜ್ಜನ್ನ ನೋಡಿ. ಅವನು ಬಲಕ್ಕೆ ತಿರುಗ್ತಾನೆ, ಆದ್ರೆ ಕೈ ತೋರ್ಸಲ್ಲ."

ಅಜ್ಜ ತಿರುಗಿದ. ಕೈ ತೋರಿಸಲಿಲ್ಲ.

ತದಾಹಿರೊ ಗೆದ್ದ. ಒಕಿಮುರಾ ಅವನಿಗೆ ಕಪ್ಪು ಕೊಟ್ಟು, "ಮನೆಯವರಿಗೂ ಒಂದು ಬಹುಮಾನ!" ಎಂದು ಕಿನುಯೊಳ ಕೈಗೆ ಪಾತ್ರೆ ತೊಳೆಯುವ ಸೋಪಿನ ಮೂರು ಬಾಟಲಿ ಇಟ್ಟ. ತದಾಹಿರೊ ಪಾದದ ಹದದ ಬಗ್ಗೆ ಹತ್ತು ನಿಮಿಷ ಮಾತಾಡಿದ. ಕಾರು ಉಳಿಯಿತೆಂದು ಕಿನುಯೊ ಸೋಪಿನ ಬಾಟಲಿಗಳನ್ನು ಎದೆಗೊತ್ತಿಕೊಂಡು ನಿಂತಿದ್ದಳು.

ಮನೆಗೆ ಬಂದ ಮೇಲೆ ಕಪ್ಪನ್ನು ಟಿವಿಯ ಪಕ್ಕದಲ್ಲಿಟ್ಟು ಅವನೆಂದ: "ನಾಳೆಯಿಂದ ಬೆಳಿಗ್ಗೆ ನಾನೇ ಓಡಿಸ್ತೀನಿ. ಬೆನ್ನು ಈಗ ಏನೂ ಅನ್ಸಲ್ಲ. ಪಾಪ, ಎರಡು ವರ್ಷ ದಿನಾ ನಿಟ್ಟುಸಿರು ಬಿಟ್ಕೊಂಡು ಬರ್ತಿದ್ದೆ. ನಿನಗೊಂದು ಕೆಲಸ ಕಮ್ಮಿ ಆಯ್ತು. ಖುಷಿ ತಾನೆ?"

ಕಿನುಯೊ ಬಾಯಿ ತೆರೆಯುವಷ್ಟರಲ್ಲಿ ಒಳಕೋಣೆಯಿಂದ ಒಂದು ಕೆಮ್ಮು ಕೇಳಿಸಿತು.

"ಕಿನುಯೊ! ಹಂಗಿದ್ರೆ ಆ ಅರ್ಧ ಗಂಟೆ ನನ್ನ ಕಾಲೊತ್ತು. ಎಡಗಾಲಿಂದ ಶುರು ಮಾಡು."

ತದಾಹಿರೊ ಗಡಿಯಾರಕ್ಕೆ ನಾಲ್ಕೂ ಮುಕ್ಕಾಲಿನ ಅಲಾರಂ ಇಟ್ಟು, ಹೊಸ ತೊಗಲಿನ ಕೈಗವಸು ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗಿದ.

ಸೋಮವಾರ ನಾಲ್ಕೂವರೆಗೆ ಕಿನುಯೊ ಎಂದಿನಂತೆ ಎದ್ದಳು. ಕುಕ್ಕರಿನ ಗುಂಡಿಗೆ ಕೈ ಹೋಯಿತು. ಹಿಂದಕ್ಕೆ ಬಂತು. ಫ್ರಿಜ್ಜಿನ ಬಾಗಿಲ ಪಟ್ಟಿಯನ್ನು ಕಿತ್ತಳು, ಕೊನೆಯ ಸಾಲನ್ನು ಮಾತ್ರ ಹರಿದು ಜೇಬಿಗೆ ಹಾಕಿಕೊಂಡು, ಉಳಿದದ್ದನ್ನು ತೆಗೆದುಕೊಂಡು ಗಂಡನ ಹಾಸಿಗೆಯ ಹತ್ತಿರ ಬಂದಳು. ಅಲಾರಂ ಮುಳ್ಳನ್ನು ಐದಕ್ಕೆ ತಿರುಗಿಸಿದಳು. ಕಾಗೆಗಳು ಬರುವುದು ಐದೂ ಕಾಲಿಗೆ. ತೊಗಲಿನ ಕೈಗವಸು ತೆಗೆದು, ಕಸದ ರಬ್ಬರಿನ ಕೈಗವಸು ಇಟ್ಟಳು. ಅದರ ಮೇಲೆ ಕೆಲಸದ ಪಟ್ಟಿ. ಪಟ್ಟಿಯ ಮೇಲೆ ಅತ್ತೆಯ ಸೊಂಟದ ಹೊಸ ನೋವಿನ ಪಟ್ಟಿ.

ತೊಗಲಿನ ಕೈಗವಸು ಅವಳಿಗೆ ಸ್ವಲ್ಪ ದೊಡ್ಡದಾಯಿತು, ಪರವಾಗಿಲ್ಲ.

ಕಾರು ಬರೀ ಮೋಟಾರಿನ ಮೇಲೆ, ಬೆಕ್ಕು ದಾಟಿದಷ್ಟೇ ಸದ್ದಿನಲ್ಲಿ ಬೀದಿಯಿಂದ ಹೊರಬಿತ್ತು. ಎಂಟೂ ಮನೆಯಲ್ಲಿ ಒಂದು ದೀಪವೂ ಹತ್ತಲಿಲ್ಲ. ಟೀ ತೋಟದ ನೇರ ರಸ್ತೆಯ ತುದಿಗೆ ಬಂದು ನಿಂತಳು. ಮುಂದೆ ಒಂದು ನಾಯಿಯೂ ಇಲ್ಲ. ಪರದೆಯಲ್ಲಿ ಐದು ಮರ ತುಂಬಿ ನಿಂತಿದ್ದವು. ಮುಂದಿನ ತಿಂಗಳು ಒಕಿಮುರಾ ತಲೆ ತೂರಿಸಿ ನೋಡಲಿದ್ದ ಮರಗಳು.

ಹೊತ್ತು ಐದು. ಅಲ್ಲಿ ಅಲಾರಂ ಹೊಡೆಯುತ್ತಿರಬೇಕು.

ಕಿನುಯೊ ಮರಗಳಿಗೆ ಒಮ್ಮೆ ತಲೆಬಾಗಿ, ಕೆಂಪು ಗುಂಡಿ ಒತ್ತಿದಳು.