ಒಣದ್ರಾಕ್ಷಿ ಮಾಡೂ ರೀತಿ

ನಾನು ಆಂಬುಲೆನ್ಸಿನ ನರ್ಸ್. ಐಗಳಿಯಿಂದ ಅಥಣಿಗೆ ಹೊಂಟಾಗ ಗಾಡ್ಯಾಗ ಹೆರಿಗಿ ಆತು. ಕೂಸು ಅತ್ತಿತು, ಆದರ ತಾಯಿಗೆ ರಕ್ತ ನಿಲ್ಲಲೇ ಇಲ್ಲ. ಇಂಜೆಕ್ಷನ್ ಕೊಟ್ಟು, ಹೊಟ್ಟಿ ಗಟ್ಟ್ಯಾಗಿ ತಿಕ್ಕಾಕತ್ತಿದೆ. ಆಕಿ ಕಣ್ಣು ಮುಚ್ಚಾಕತ್ತಿದ್ಲು.

“ಮಲಗಬ್ಯಾಡವಾ, ಏನರ ಮಾತಾಡು!”

“ಏನ್ ಮಾತಾಡ್ಲಿರಿ?”

ದ್ರಾಕ್ಷಿ ತ್ವಾಟದ ಮನಿಯಾಕಿ ಅಂತ ಗೊತ್ತಿತ್ತು. “ಒಣದ್ರಾಕ್ಷಿ ಹೆಂಗ ಮಾಡ್ತೀರಿ, ಹೇಳು.”

“ಕೊಯ್ದು... ಎಣ್ಣಿ ಕಲಸಿದ ನೀರಾಗ ಅದ್ದತೇವ್ರಿ...”

“ಮುಂದ?”

“ಶೆಡ್ಡಿನ ಜಾಳಿಗಿ ಮ್ಯಾಲ ಹರವತೇವ್ರಿ...”

ಆಕಿ ತಡದಾಗೆಲ್ಲ “ಮುಂದ?” ಅಂತ ಗದರಿಸಿದೆ. ಗಂಧಕದ ಹೊಗಿ ಹಾಕೂತನಕ ಹೇಳೂದ್ರಾಗ ದವಾಖಾನಿ ಬಂತು. ಬದುಕಿದ್ಲು.

ಮೂರು ತಿಂಗಳ ಮ್ಯಾಲ ಕೂಸಿನ ಲಸಿಕೆಗೆ ಬಂದಾಕಿ, ನನ್ನ ಕೈಯಾಗ ಒಂದು ಡಬ್ಬಿ ಒಣದ್ರಾಕ್ಷಿ ಇಟ್ಲು. “ಶೆಡ್ಡಿನ ಹತ್ರ ಹೋಗಾಕ ಆಗವಲ್ದರಿ. ಹಿಂದಿಂದ ಯಾರೋ ‘ಮುಂದ?’ ಅಂದಂಗ ಆಗತೈತಿ. ನೀವ ತಿನ್ರಿ.”

ಆಕಿ ಹೋದ ಮ್ಯಾಲ ಡಬ್ಬಿ ತಗದ್ರ ರಕ್ತದ ವಾಸನಿ ಬಂದಂಗಾತು. ಮುಚ್ಚಿ, ನಮ್ಮ ಡ್ರೈವರಗ ಕೊಟ್ಟೆ.

ಅವ ಮುಕ್ಕಿ ಮುಕ್ಕಿ ತಿಂದ. ಅವತ್ತು ಅವ ಬರೇ ರಸ್ತಾ ನೋಡಿದ್ದ.