ಹೆಲ್ಮೆಟ್ಟಿನೊಳಗಿನ ಕುಂಕುಮ

ನಾಳೆ ಬೆಳಿಗ್ಗೆ ಸೈಕಲ್ ಓಟ. ಮೂರು ವರ್ಷ ಅಟ್ಟದ ಮೇಲಿದ್ದ ಹೆಲ್ಮೆಟ್ಟನ್ನು ಇಳಿಸಿ ಒರೆಸುತ್ತಾ ಕೂತಿದ್ದೇನೆ. ಒಳಗಡೆ ಹಣೆಗೆ ತಾಗುವ ಸ್ಪಂಜಿನ ಪಟ್ಟಿ ಇನ್ನೂ ಕೆಂಪಗಿದೆ. ಸಾಬೂನು ಹಾಕಿ ತಿಕ್ಕಿದೆ, ನಿಂಬೆಹಣ್ಣು ಉಜ್ಜಿದೆ, ಯಾವುದಕ್ಕೂ ಜಗ್ಗದ ಕೆಂಪು. ಗಾಬರಿಯಾಗಬೇಡಿ, ರಕ್ತವಲ್ಲ, ಕುಂಕುಮ. ಇದೇ ಮಾತನ್ನು ಹಿಂದೊಮ್ಮೆ ಇನ್ನೊಬ್ಬರಿಗೂ ಹೇಳಿದ್ದೆ. ಅವರು ನಂಬಲಿಲ್ಲ.

ನಾನು ಸೈಕಲ್ ಹತ್ತಿದ್ದು ಐವತ್ತರ ಹೊಸ್ತಿಲಲ್ಲಿ, ಮೊಣಕಾಲಿಗೆ ಒಳ್ಳೆಯದು ಎಂದು ಡಾಕ್ಟರು ಹೇಳಿದ ಮೇಲೆ. ಶಿವಮೊಗ್ಗದಲ್ಲಿ ಈ ವಯಸ್ಸಿನ ಹೆಂಗಸು ಸೈಕಲ್ ತುಳಿದರೆ ಅದು ವ್ಯಾಯಾಮವೆಂದು ಯಾರೂ ತಿಳಿಯುವುದಿಲ್ಲ, ಮನೆಯಲ್ಲಿ ಏನೋ ಆಗಿರಬೇಕು ಎಂದುಕೊಳ್ಳುತ್ತಾರೆ. ಬೆಳಗಿನ ಹೊತ್ತು ಗಾಜನೂರಿನ ರಸ್ತೆಯಲ್ಲಿ ಏದುಸಿರು ಬಿಡುತ್ತಾ ಹೋಗುತ್ತಿದ್ದರೆ ಪರಿಚಯದವರು ಯಾರಾದರೂ ಕಾರು ನಿಲ್ಲಿಸಿ, "ಯಾಕ್ರೀ, ಸ್ಕೂಟಿ ಕೆಟ್ಟೋಯ್ತಾ? ಬನ್ನಿ, ಬಿಡ್ತೀನಿ" ಎನ್ನುತ್ತಿದ್ದರು. ಬೇಡವೆಂದರೆ ಬೇಸರ. ಒಬ್ಬರಂತೂ ನನ್ನ ಪಕ್ಕದಲ್ಲೇ ಕಾರನ್ನು ನಿಧಾನವಾಗಿ ಓಡಿಸುತ್ತಾ ತಮ್ಮ ಮಗಳ ಜಾತಕದ ವಿಷಯ ಪೂರ್ತಿ ಹೇಳಿ ಮುಗಿಸಿದರು. ಹೂಂಗುಟ್ಟಲು ಉಸಿರಿಲ್ಲದೆ ನಾನು ತಲೆಯಾಡಿಸಿದ್ದನ್ನು ಒಪ್ಪಿಗೆಯೆಂದು ತಿಳಿದು, ಮಾರನೆಯ ದಿನ ನನ್ನ ಸೋದರಳಿಯನ ಜಾತಕ ಕೇಳಿಕೊಂಡು ಮನೆಗೇ ಬಂದರು.

ಇಷ್ಟಕ್ಕೂ ನನಗೆ ಬೇಕಾಗಿದ್ದು ಒಂದೇ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗಿ ಮರಳುವ ಓಟವನ್ನು ಎರಡು ಗಂಟೆಯೊಳಗೆ ಮುಗಿಸಬೇಕು. ಅಷ್ಟರೊಳಗೆ ಬಂದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಎರಡು ಗಂಟೆ ದಾಟಿತೋ, ಮೈಕು ಬಂದ್. ಓಟ ಮುಗಿಯುವಲ್ಲಿ ಗಾಳಿ ತುಂಬಿ ನಿಲ್ಲಿಸಿದ ಕಮಾನಿನ ಗಾಳಿಯನ್ನೂ ಬಿಡುತ್ತಾರೆ. ಮೊದಲ ವರ್ಷ ನಾನು ತಲುಪಿದಾಗ ಕಮಾನು ನೆಲದ ಮೇಲೆ ಮಲಗಿತ್ತು, ಉಪ್ಪಿಟ್ಟಿನ ಪಾತ್ರೆಯಲ್ಲಿ ಸೀದ ತಳ ಮಾತ್ರ ಉಳಿದಿತ್ತು. ನನ್ನ ಹೆಸರನ್ನು ಮೈಕಿನಲ್ಲಿ ಕೂಗಿದ್ದು ಈವರೆಗೆ ಒಂದೇ ಸಲ, ಅದೂ ಮದುವೆ ಛತ್ರದ ಗೇಟಿಗೆ ಅಡ್ಡ ನಿಲ್ಲಿಸಿದ ಸ್ಕೂಟಿ ತೆಗೆಯಿರಿ ಎಂದು. ಇನ್ನೊಂದು ಸಲ, ಮರ್ಯಾದೆಯಾಗಿ, ಕೇಳಿಸಿಕೊಳ್ಳಬೇಕೆಂಬ ಆಸೆ ಹಿಡಿದುಬಿಟ್ಟಿತ್ತು. "ಭದ್ರಾವತಿಗೆ ಬೇಕಾದಷ್ಟು ಬಸ್ಸಿದೆಯಲ್ಲೇ" ಎನ್ನುವ ನಮ್ಮ ಯಜಮಾನರಿಗೆ ಇದು ಅರ್ಥವಾಗುವಂಥದ್ದಲ್ಲ.

ಮರುವರ್ಷ ತಯಾರಿ ಜೋರಾಗಿತ್ತು. ಮಾಡಿದ ತಪ್ಪು ಒಂದೇ, ಭದ್ರಾವತಿಯ ಅತ್ತಿಗೆಗೆ ಫೋನ್ ಮಾಡಿದ್ದು. ಅತ್ತಿಗೆ ಎಂದರೆ ನಮ್ಮ ಯಜಮಾನರ ಅಕ್ಕ. ಓಟ ಹಿಂದಕ್ಕೆ ತಿರುಗುವ ಜಾಗದ ಪಕ್ಕದಲ್ಲೇ ಅವರ ಮನೆ.

"ಅತ್ತಿಗೆ, ಭಾನುವಾರ ನಿಮ್ಮನೆ ಮುಂದೇನೇ ಬರ್ತೀನಿ. ಆದ್ರೆ ನಿಲ್ಲಲ್ಲ" ಎಂದೆ.

"ನಿಲ್ಲಲ್ಲ ಅಂದ್ರೆ? ಮನೆ ಬಾಗಿಲಿಗೆ ಬಂದೋಳು ಕುಂಕುಮ ತಗೊಳ್ದೆ ಹೋಗ್ತೀಯಾ?"

ಕುಂಕುಮ ಎಂದರೆ ಬರೀ ಕುಂಕುಮವಲ್ಲ ಎಂಬುದು ನಿಮಗೂ ಗೊತ್ತು. ಒಳಗೆ ಬಾ, ಕೂರು, ಕಾಫಿ ಕುಡಿ, ಒಂದು ತುತ್ತು ತಿಂಡಿ ತಿನ್ನು, ಹೊರಟು ನಿಂತ ಮೇಲೆ ಬಾಗಿಲಲ್ಲಿ ಇನ್ನರ್ಧ ಗಂಟೆ ಮಾತು. ನಾನು ಗಡಿಯಾರದ ಕಥೆಯನ್ನೂ ಮೈಕಿನ ಆಸೆಯನ್ನೂ ಬಿಡಿಸಿ ಹೇಳಿದೆ.

"ಆಯ್ತು ಮಾರಾಯ್ತಿ, ನಿಲ್ಬೇಡ. ನೀನು ಹೋಗ್ತಾ ಇರು. ನಾನೇ ಓಡ್ತಾ ಓಡ್ತಾ ಇಡ್ತೀನಿ."

ಮಾತಿಗೆ ಹೇಳಿದ್ದು ಎಂದುಕೊಂಡೆ. ಆಮೇಲೆ ತಿಳಿಯಿತು, ಆ ವಾರವಿಡೀ ಅವರ ಯಜಮಾನರು ಹಳೆಯ ಸ್ಕೂಟರಿನಲ್ಲಿ ಬೀದಿಯುದ್ದಕ್ಕೂ ನಿಧಾನವಾಗಿ ಹೋಗುವುದು, ಅರವತ್ತು ದಾಟಿದ ಅತ್ತಿಗೆ ಸೆರಗು ಸಿಕ್ಕಿಸಿ ಪಕ್ಕದಲ್ಲಿ ಓಡುತ್ತಾ ಅವರ ಹಣೆಗೆ ಕುಂಕುಮ ಇಡುವುದು, ಹೀಗೆ ಅಭ್ಯಾಸ ನಡೆದಿತ್ತಂತೆ. ಕಾರ್ಖಾನೆಯಿಂದ ನಿವೃತ್ತರಾದ ಆ ಗಂಭೀರ ಮನುಷ್ಯ ಹಾಲಿನಂಗಡಿಗೂ ಬ್ಯಾಂಕಿಗೂ ಕೆಂಪು ಮುಖದಲ್ಲೇ ಹೋಗಿಬಂದರಂತೆ.

ಓಟದ ದಿನ ನನ್ನ ಕಾಲಿಗೆ ಯಾರೋ ಮೋಟರು ಕಟ್ಟಿದಂತಿತ್ತು. ನೂರಾರು ಸೈಕಲ್ಲುಗಳ ನಡುವೆ ಹೊರಟವಳು ಇಬ್ಬರು ಕಾಲೇಜು ಹುಡುಗರನ್ನು ಹಿಂದೆ ಹಾಕಿದಾಗ ನನಗೇ ನಾಚಿಕೆಯಾಗುವಷ್ಟು ಖುಷಿಯಾಯಿತು. ಭದ್ರಾವತಿ ತಲುಪಿದಾಗ ಗಡಿಯಾರ ನನ್ನ ಪರವಾಗಿತ್ತು. ರಸ್ತೆಯ ಪಕ್ಕದಲ್ಲಿ ಅತ್ತಿಗೆ ತಟ್ಟೆ ಹಿಡಿದು, ಸೆರಗು ಬಿಗಿದು, ಒಂದು ಕಾಲು ಮುಂದಿಟ್ಟು ನಿಂತಿದ್ದರು.

"ನಿಧಾನ ಮಾಡ್ಬೇಡ, ತುಳೀತಾ ಇರು" ಎಂದು ಕೂಗಿ ಓಡಿದರು ನೋಡಿ, ಎಂಥ ಓಟ ಅದು. ಹಿಡಿ ಕುಂಕುಮ ಹಣೆಗೆ ಬಡಿಯಿತು. ಮಲ್ಲಿಗೆಯ ತುಂಡು ಹೆಲ್ಮೆಟ್ಟಿನ ತೂತಿಗೆ ಸಿಕ್ಕಿಕೊಂಡಿತು. ಬೆನ್ನ ಹಿಂದಿನ ಜೇಬಿಗೆ ಎಲೆ ಅಡಿಕೆ, ಬಾಳೆಹಣ್ಣು ಬಿದ್ದವು. ನಾನು ಒಮ್ಮೆಯೂ ಪೆಡಲ್ ನಿಲ್ಲಿಸಲಿಲ್ಲ. ಬೀದಿಯ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಅದು ನನಗಲ್ಲ ಎಂದು ಗೊತ್ತಿದ್ದೂ ಕೈ ಬೀಸಿದೆ.

ಬೆವರಿನ ವಿಷಯ ಮಾತ್ರ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಶಿವಮೊಗ್ಗ ಹತ್ತಿರವಾಗುವ ಹೊತ್ತಿಗೆ ಕುಂಕುಮ ಕರಗಿ ಮೂಗು, ಕೆನ್ನೆ ದಾಟಿ ಗಲ್ಲದವರೆಗೆ ಇಳಿದಿತ್ತು. ದಾರಿಬದಿಯ ಜನ "ಅಯ್ಯಯ್ಯೋ" ಎನ್ನುತ್ತಿದ್ದುದನ್ನು ಪ್ರೋತ್ಸಾಹವೆಂದು ತಿಳಿದು ಇನ್ನೂ ಜೋರಾಗಿ ತುಳಿದೆ. ಕಮಾನು ಕಾಣುತ್ತಿತ್ತು. ಮೈಕಿನಲ್ಲಿ ಯಾರದೋ ಹೆಸರು ಕೇಳುತ್ತಿತ್ತು, ಮುಂದಿನದು ನನ್ನದೇ. ಅಷ್ಟರಲ್ಲಿ ಪ್ರಥಮ ಚಿಕಿತ್ಸೆಯ ಡೇರೆಯಿಂದ ದಪ್ಪನೆಯ ನರ್ಸೊಬ್ಬರು ಓಡಿಬಂದು ಹ್ಯಾಂಡಲ್ ಹಿಡಿದು ನಿಲ್ಲಿಸಿದರು.

"ಇಳೀರಿ ಮೇಡಂ, ತಲೆಗೆ ಪೆಟ್ಟಾಗಿದೆ."

"ಗಾಬರಿಯಾಗ್ಬೇಡಿ, ರಕ್ತ ಅಲ್ಲ, ಕುಂಕುಮ. ನಮ್ಮ ಅತ್ತಿಗೆ ಓಡ್ತಾ ಓಡ್ತಾ ಇಟ್ಟಿದ್ದು."

ನರ್ಸು ಡೇರೆಯ ಕಡೆ ತಿರುಗಿ, "ಪೆಟ್ಟು ಜೋರಾಗೇ ಬಿದ್ದಿದೆ, ಏನೇನೋ ಮಾತಾಡ್ತಿದಾರೆ" ಎಂದು ಕೂಗಿದರು.

ಕೊನೆಗೆ ಜೇಬಿನಿಂದ ಎಲೆ ಅಡಿಕೆ, ನಜ್ಜುಗುಜ್ಜಾದ ಬಾಳೆಹಣ್ಣು ತೆಗೆದು ತೋರಿಸಿದ ಮೇಲೆ ಅವರು ಹತ್ತಿಯಿಂದ ಹಣೆ ಒರೆಸಿ, ಮೂಸಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ನಡೀರಿ ನಡೀರಿ" ಎಂದು ಸೈಕಲ್ಲನ್ನು ಹಿಂದಿನಿಂದ ತಳ್ಳಿಯೂ ಕೊಟ್ಟರು. ಅಷ್ಟು ಹೊತ್ತಿಗೆ ಮೈಕು ಸುಮ್ಮನಾಗಿತ್ತು. ಕಮಾನು ಬುಸ್ಸೆಂದು ಕುಸಿಯುತ್ತಿತ್ತು. ತಲೆ ಬಗ್ಗಿಸಿ ಅದರ ಕೆಳಗೆ ನುಸುಳಿದೆ. ಅಳು ಬಂತು, ನಗುವೂ ಬಂತು, ಯಾವುದನ್ನು ಮೊದಲು ಮುಗಿಸುವುದೆಂದು ತಿಳಿಯದೆ ಉಪ್ಪಿಟ್ಟು ತಿಂದೆ. ಆ ಸಲ ಬಿಸಿಯಾಗಿತ್ತು.

ಸಂಜೆ ಅತ್ತಿಗೆಯ ಫೋನು. "ಮೈಕಲ್ಲಿ ಹೆಸರು ಬಂತಾ?"

"ಇಲ್ಲ ಅತ್ತಿಗೆ, ಸ್ವಲ್ಪದ್ರಲ್ಲಿ ತಪ್ಪೋಯ್ತು."

ಅತ್ತಿಗೆ ಸಣ್ಣ ದನಿಯಲ್ಲಿ, "ನಾನು ಓಡಿದ್ದು ನಿಧಾನ ಆಯ್ತೇನೋ" ಎಂದರು. ತಡವಾಗಿದ್ದು ಕುಂಕುಮದಿಂದ ಎಂದರೆ ಇನ್ನೂ ನೊಂದುಕೊಳ್ಳುತ್ತಾರೆ. ನರ್ಸಿನ ವಿಷಯ ಎತ್ತಲಿಲ್ಲ, ಇವತ್ತಿಗೂ ಎತ್ತಿಲ್ಲ. ನೀವೂ ಹೇಳಬೇಡಿ.

ಮೂರು ವರ್ಷ ಬಿಟ್ಟು ಮತ್ತೆ ನಡೆಯುತ್ತಿರುವ ಓಟದ ದಾರಿ ಈ ಸಲ ಕುಂಸಿಯ ಕಡೆಗೆ. ಭದ್ರಾವತಿಯಿಲ್ಲ, ಕುಂಕುಮವಿಲ್ಲ, ಹೆಸರು ಕೇಳುವುದು ಖಂಡಿತ ಎಂದುಕೊಂಡು ಪಟ್ಟಿಗೆ ಎರಡನೆಯ ನಿಂಬೆಹೋಳು ಉಜ್ಜುತ್ತಿದ್ದಾಗ ಫೋನು ಬಂತು.

"ದಾರಿ ಬದಲಾಯ್ತಂತೆ, ನಂಗ್ಯಾಕೆ ಹೇಳ್ಲಿಲ್ಲ? ಬೆಳಿಗ್ಗೆ ಇವರ ಸ್ಕೂಟರಲ್ಲೇ ಬರ್ತೀನಿ. ಎಲ್ಲಿ ನಿಂತ್ಕೊಳ್ಲಿ?"

ಬರಬೇಡಿ ಎನ್ನಲು ಬಾಯಿ ತೆರೆದೆ. ಬಾಯಿಂದ ಬಂದದ್ದು ಬೇರೆಯೇ. "ಕಮಾನಿನ ಹತ್ರ ನಿಂತ್ಕೊಳ್ಳಿ ಅತ್ತಿಗೆ. ಅಲ್ಲೇ ಇಡಿ. ಇಬ್ರೂ ಒಟ್ಟಿಗೇ ಓಡಿ ದಾಟೋಣ."

ನಿಂಬೆಹೋಳನ್ನು ಕಸಕ್ಕೆ ಹಾಕಿದೆ. ಕೆಂಪು ಇದ್ದರೆ ಇರಲಿ.

"ಮೂರು ವರ್ಷದಿಂದ ದಿನಾ ಓಡ್ತಿದೀನಿ ಕಣೇ" ಎಂದರು ಅತ್ತಿಗೆ. "ನಾನಂತೂ ರೆಡಿ. ನೀನು ಟೈಮಿಗೆ ಸರಿಯಾಗಿ ಬಂದ್ರೆ ಸಾಕು."